ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ತೊಡಕನ್ನು ಆಸ್ಪತ್ರೆ ಗುರುತಿಸದೆ ಹೋದರೆ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನರ್ಸ್ ಬರೆದ ಒಂದು ಹಾಳೆಯಿಂದ ಶುರು ಮಾಡುತ್ತೇನೆ. ಜಠರದ ಬಹುಪಾಲನ್ನು ಕತ್ತರಿಸಿ ತೆಗೆಯುವ ‘ಸ್ಲೀವ್’ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಶಿಕ್ಷಕಿಯೊಬ್ಬರ ಕೇಸ್ ಶೀಟ್ ಅದು. ಎರಡನೆಯ ದಿನದ ಜ್ವರ-ನಾಡಿ ಪಟ್ಟಿಯಲ್ಲಿ ಬೆಳಿಗ್ಗೆ ಆರಕ್ಕೆ ನಾಡಿಬಡಿತ 104. ಹತ್ತಕ್ಕೆ 112. ಮಧ್ಯಾಹ್ನ ಎರಡಕ್ಕೆ 118. ಸಂಜೆ ಆರಕ್ಕೆ 126. ಪೆನ್ನಿನ ಶಾಯಿ ಮುಗಿಯುತ್ತಾ ಬಂದಿತ್ತೋ ಏನೋ, ಕೊನೆಯ ಅಂಕಿಯನ್ನು ಎರಡು ಸಲ ತಿದ್ದಿ ಬರೆದಿದ್ದರು. ಅದೇ ಸಂಜೆ ಏಳರ ರೌಂಡ್ಸ್‌ನಲ್ಲಿ ವೈದ್ಯರು ಬರೆದದ್ದು ಒಂದೇ ಸಾಲು: ರೋಗಿ ಸ್ಥಿರ, ನಾಳೆ ಡಿಸ್ಚಾರ್ಜ್. ಜಠರದ ಹೊಲಿಗೆ ಬಿಟ್ಟು ಸೋರುತ್ತಿದೆ ಎಂದು ಗೊತ್ತಾದದ್ದು ಆರನೆಯ ದಿನ, ಬೇರೊಂದು ಆಸ್ಪತ್ರೆಯಲ್ಲಿ.

ಎರಡೂ ಹಾಳೆಗಳು ಒಂದೇ ಫೈಲಿನಲ್ಲಿ ಬೆನ್ನಿಗೆ ಬೆನ್ನು ತಾಗಿಸಿಕೊಂಡಿದ್ದವು. ಗ್ರಾಹಕ ಆಯೋಗದಲ್ಲಿ ವಕೀಲಿಕೆ ಮಾಡುವ ನನಗೆ ಇಂಥ ಫೈಲುಗಳು ಕಲಿಸಿದ್ದು ಇಷ್ಟು: ಸೋರಿಕೆ ಆಗಬಹುದಾದ ಸಂಗತಿ, ನುರಿತ ಕೈಗಳಲ್ಲೂ ನೂರಕ್ಕೆ ಒಂದೆರಡು ಕಡೆ ಆಗುತ್ತದೆ. ಅದಕ್ಕಾಗಿ ಯಾರನ್ನೂ ದೂರಲಾಗದು. ಕಣ್ಣೆದುರಿಗೆ ಬಂದ ಸುಳಿವನ್ನು ಯಾರು, ಯಾವ ಗಂಟೆಗೆ ನೋಡಬೇಕಿತ್ತು, ನೋಡಿ ಏನು ಮಾಡಿದರು ಎಂಬುದೇ ವ್ಯಾಜ್ಯದ ತಿರುಳು. ಮುಂದಿನ ಹೆಜ್ಜೆಗಳೆಲ್ಲ ಆ ಗಂಟೆಗಳನ್ನು ಕಲೆಹಾಕುವುದಕ್ಕೇ.

ಹೆಜ್ಜೆ 1: ಮೊದಲು ಜೀವ

ರೋಗಿ ಇನ್ನೂ ನರಳುತ್ತಿದ್ದರೆ ಕಾನೂನನ್ನು ಪಕ್ಕಕ್ಕಿಟ್ಟು ಇದನ್ನು ಓದಿ.

ಸ್ಲೀವ್‌ನಲ್ಲಿ ಜಠರದ ಶೇ 75ರಿಂದ 80ರಷ್ಟನ್ನು ತೆಗೆದು ಉಳಿದದ್ದನ್ನು ಉದ್ದಕ್ಕೂ ಸ್ಟೇಪಲ್ (ಹೊಲಿಗೆಯ ಬದಲಿನ ಲೋಹದ ಪಿನ್ನು) ಹಾಕಿ ಕೊಳವೆಯಂತೆ ಮಾಡುತ್ತಾರೆ. ತೂಕ ಇಳಿಸುವ ಇನ್ನೊಂದು ಶಸ್ತ್ರಚಿಕಿತ್ಸೆಯಾದ ಬೈಪಾಸ್‌ನಲ್ಲಿ ಜಠರದ ಮೇಲ್ಗಡೆ ಪುಟ್ಟ ಚೀಲವೊಂದನ್ನು ಉಳಿಸಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಸ್ಟೇಪಲ್ ಸಾಲಾಗಲಿ ಜೋಡಣೆಯಾಗಲಿ ಬಿಟ್ಟುಕೊಂಡರೆ ಒಳಗಿನ ರಸ ಹೊಟ್ಟೆಯೊಳಕ್ಕೆ ಸೋರಿ ಸೋಂಕಾಗುತ್ತದೆ. ಸ್ಲೀವ್‌ನಲ್ಲಿ ಇದು ಹೆಚ್ಚಾಗಿ ಅನ್ನನಾಳ ಸೇರುವ ಮೇಲ್ತುದಿಯಲ್ಲಿ ಆಗುತ್ತದೆ. ಎಷ್ಟೋ ಸಲ ರೋಗಿ ಮನೆಗೆ ಹೋದ ಮೇಲೇ ತಲೆದೋರುತ್ತದೆ.

ಇಲ್ಲೊಂದು ಮೋಸವಿದೆ. ಸಾಮಾನ್ಯವಾಗಿ ಹೊಟ್ಟೆಯೊಳಗೆ ಸೋಂಕಾದರೆ ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ, ಮುಟ್ಟಿದರೆ ರೋಗಿ ಚೀರುತ್ತಾರೆ. ದಪ್ಪ ಮೈಯವರಲ್ಲಿ ಈ ಲಕ್ಷಣ ಮಂಕಾಗಿರಬಹುದು. ಅವರಲ್ಲಿ ಮೊದಲು ಮಾತಾಡುವುದು ನಾಡಿ. ನಿಮಿಷಕ್ಕೆ 120 ದಾಟಿ ಇಳಿಯದೆ ನಿಂತ ನಾಡಿಯನ್ನು, ಬೇರೆ ಕಾರಣ ಸಿಗುವವರೆಗೆ, ಸೋರಿಕೆ ಎಂದೇ ನೋಡಬೇಕೆಂಬುದು ಈ ವಿಭಾಗದ ಶಸ್ತ್ರಚಿಕಿತ್ಸಕರಲ್ಲಿ ಬಹುಕಾಲದಿಂದ ನಡೆದುಬಂದ ಪಾಠ. ಜೊತೆಗೆ ಜ್ವರ, ಎಡ ಭುಜದ ತುದಿಯಲ್ಲಿ ನೋವು, ಉಸಿರಾಟ ಚುರುಕಾಗುವುದು, ‘ಏನೋ ಸರಿಯಿಲ್ಲ’ ಎಂಬ ವಿವರಿಸಲಾಗದ ಚಡಪಡಿಕೆ. ಆ ಚಡಪಡಿಕೆಯನ್ನು ಭಯ ಎಂದು ಬದಿಗೆ ಸರಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುತ್ತಿರುವವರಲ್ಲಿ ನಾಡಿ ಅಷ್ಟು ಏರದೆಯೂ ಇರಬಹುದು. ಪ್ಯಾರಸಿಟಮಾಲ್ ಜ್ವರವನ್ನು ಮುಚ್ಚಿಡಬಹುದು.

ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಸಂಶಯ. ತಲೆಸುತ್ತು, ಕಪ್ಪು ಮಲ ಎಂದರೆ ಒಳಗೆ ರಕ್ತಸ್ರಾವ. ಎರಡಕ್ಕೂ ನಾಳೆ ಎಂಬುದಿಲ್ಲ.

ನಮ್ಮ ಮನೆಗಳಲ್ಲಿ ಹೊಟ್ಟೆಯ ಸಕಲ ಸಂಕಟಕ್ಕೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಜೀರಿಗೆ ಕಷಾಯ, ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ. ಈ ಶಸ್ತ್ರಚಿಕಿತ್ಸೆ ಆದವರ ವಿಷಯದಲ್ಲಿ ಆ ಪದವನ್ನೇ ಮರೆತುಬಿಡಿ.

ಬೆಂಗಳೂರಿನಲ್ಲಿ ಮಾಡಿಸಿಕೊಂಡು ಕಲಬುರಗಿಗೋ ಶಿವಮೊಗ್ಗಕ್ಕೋ ಮರಳಿದವರು ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಬೇಕು. ಊರಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮೊದಲ ವಾಕ್ಯವೇ ‘ಇಂಥ ದಿನ ಸ್ಲೀವ್ ಆಗಿದೆ’ ಅಥವಾ ‘ಬೈಪಾಸ್ ಆಗಿದೆ’ ಎಂದಿರಲಿ. ಬರೀ ಬೈಪಾಸ್ ಎಂದರೆ ಹೃದಯದ್ದು ಎಂದುಕೊಳ್ಳುತ್ತಾರೆ. ಹೊಟ್ಟೆಯದು ಎಂದು ಸೇರಿಸಿ. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಸೋರಿಕೆ ಇಲ್ಲವೆಂದು ಖಚಿತವಾಗುವುದಿಲ್ಲ. ಲಕ್ಷಣಗಳು ಜೋರಾಗಿದ್ದರೆ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ) ಮತ್ತೆ ಒಳಗೆ ನೋಡುವುದುಂಟು. ‘ಮತ್ತೆ ನೋಡುವ ಅಗತ್ಯವಿದೆಯೇ’ ಎಂದು ಮೂಲ ಶಸ್ತ್ರಚಿಕಿತ್ಸಕರನ್ನೇ ನೇರವಾಗಿ ಕೇಳಿ, ಅವರ ಉತ್ತರ ಮತ್ತು ಹೊತ್ತನ್ನು ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ತಡವಾಗಿ ಬರುವವನ್ನೂ ತಿಳಿದಿರಿ

ಎರಡು ತೊಡಕುಗಳು ಬೇರೆ ವೈದ್ಯರ ಕೈಯಲ್ಲಿ ಸುಲಭವಾಗಿ ತಪ್ಪಿಹೋಗುತ್ತವೆ.

ಒಂದು, ಬೈಪಾಸ್ ಆದವರಲ್ಲಿ ತಿಂಗಳುಗಳ, ವರ್ಷಗಳ ನಂತರ ಬರುವ ಒಳಗಿನ ಹರ್ನಿಯಾ. ತೂಕ ಇಳಿದು ಹೊಟ್ಟೆಯೊಳಗಿನ ಕೊಬ್ಬು ಕರಗಿದಂತೆ ಕರುಳಿನ ಜೋಡಣೆಗಳ ನಡುವಿನ ಸಂದು ದೊಡ್ಡದಾಗಿ, ಕರುಳು ಅದರೊಳಗೆ ನುಸುಳಿ ತಿರುಚಿಕೊಳ್ಳುತ್ತದೆ. ಊಟವಾದ ಮೇಲೆ ಹಿಂಡುವ ನೋವು ಬಂದು ತಾನೇ ಹೋಗುತ್ತಿರುತ್ತದೆ. ಒಂದು ದಿನ ಹೋಗುವುದಿಲ್ಲ. ನೋವಿಲ್ಲದ ಹೊತ್ತಿನಲ್ಲಿ ಮಾಡಿದ ಸ್ಕ್ಯಾನ್ ಸರಿಯಾಗಿಯೇ ಇರಬಹುದು. ಹೊತ್ತು ಮೀರಿದರೆ ಕರುಳೇ ಕೊಳೆಯುತ್ತದೆ.

ಇನ್ನೊಂದು ನನಗೆ ಅತ್ಯಂತ ಸಂಕಟ ಕೊಡುವಂಥದ್ದು, ಏಕೆಂದರೆ ತಡೆಯುವ ಔಷಧಿಯ ಬೆಲೆ ಅಷ್ಟು ಕಡಿಮೆ. ಥಯಾಮಿನ್, ಅಂದರೆ ಬಿ1 ಜೀವಸತ್ವ, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ದಿನವೂ ವಾಂತಿಯಾಗುತ್ತಿದ್ದರೆ ಅದು ಬರಿದಾಗುತ್ತದೆ. ಆಗ ವಸ್ತು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗಲಿಬಿಲಿಯಾಗುವುದು ಶುರುವಾಗುತ್ತದೆ. ಮೂರೂ ಒಟ್ಟಿಗೆ ಕಾಣಿಸಬೇಕೆಂದಿಲ್ಲ. ವಾಂತಿಯಿಂದ ಸುಸ್ತಾಗಿದ್ದಾರೆಂದು ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಬಾಟಲಿ ಹಾಕಿದರೆ ಸ್ಥಿತಿ ಇನ್ನಷ್ಟು ಕೆಡಬಹುದು. ಸರಿಯಾದ ಹೊತ್ತಿಗೆ ಇಂಜೆಕ್ಷನ್ ಸಿಗದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಮನೆಯವರು ‘ಮಂಕು ಕವಿದಿದೆ’ ಎಂದು ದೇವಸ್ಥಾನಕ್ಕೋ ಮನೋವೈದ್ಯರ ಬಳಿಗೋ ಕರೆದೊಯ್ದು ದಿನ ಕಳೆದುಕೊಂಡಿರುತ್ತಾರೆ. ಅವರಿಗೆ ಡಿಸ್ಚಾರ್ಜ್ ದಿನ ಯಾರೂ ಹೇಳಿರುವುದಿಲ್ಲ.

ಪಿತ್ತಕೋಶದ ಕಲ್ಲು, ಜೋಡಣೆಯ ಬಳಿಯ ಹುಣ್ಣು, ಕಬ್ಬಿಣಾಂಶ ಮತ್ತು ಬಿ12 ಕೊರತೆ ಕೂಡ ಬರುತ್ತವೆ. ವ್ಯಾಜ್ಯಕ್ಕೆ ತಿರುಗುವುದು ಕಡಿಮೆ.

ಹೆಜ್ಜೆ 3: ಬೇರೆ ಆಸ್ಪತ್ರೆಗೆ ಸಾಗಿಸುವಾಗ ಯಾವುದಕ್ಕೆ ಸಹಿ ಹಾಕುತ್ತೀರಿ

ನಂಬಿಕೆ ಹೋಗಿ ಬೇರೆ ಕಡೆ ಕರೆದೊಯ್ಯುತ್ತೇವೆ ಎಂದಾಗ, ‘ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ’ ಎಂಬ ನಮೂನೆ ಮುಂದೆ ಬರುತ್ತದೆ. ಅವಸರದಲ್ಲಿ ಸಹಿ ಬೀಳುತ್ತದೆ. ಆಮೇಲೆ ಆಯೋಗದಲ್ಲಿ ಅದೇ ಹಾಳೆ ಆಸ್ಪತ್ರೆಯ ಗುರಾಣಿ. ಸಹಿ ಅನಿವಾರ್ಯವಾದರೆ ಅದರ ಮೇಲೆ ನಿಮ್ಮ ಕೈಯಿಂದಲೇ, ಕನ್ನಡದಲ್ಲೇ, ಕಾರಣ ಬರೆಯಿರಿ: ‘ಎರಡು ದಿನದಿಂದ ನಾಡಿ 120ಕ್ಕಿಂತ ಹೆಚ್ಚಿದೆ, ಸ್ಕ್ಯಾನ್ ಮಾಡಿಲ್ಲ, ಆದ್ದರಿಂದ ಸಾಗಿಸುತ್ತಿದ್ದೇವೆ’. ದಿನಾಂಕ, ಗಂಟೆ ಹಾಕಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಸ್ವಾಗತ ಮೇಜಿನ ಗಾಜು ಒಡೆಯುವವರು ತಮ್ಮ ಕೇಸನ್ನೂ ಅಲ್ಲೇ ಒಡೆದುಹಾಕುತ್ತಾರೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ಮತ್ತು ಆಸ್ಪತ್ರೆಯ ಆಸ್ತಿ ಹಾನಿಯನ್ನು ತಡೆಯಲು ಕರ್ನಾಟಕದಲ್ಲಿ 2009ರ ಪ್ರತ್ಯೇಕ ಕಾಯ್ದೆಯೇ ಇದೆ.

ಹೆಜ್ಜೆ 4: ಸಾವು ಸಂಭವಿಸಿದ್ದರೆ

ಬರೆಯಲು ಕಷ್ಟವಾದ ಭಾಗ. ಮರಣೋತ್ತರ ಪರೀಕ್ಷೆ ಬೇಡ ಎನ್ನುವುದು ಬಹುತೇಕ ಮನೆಗಳ ಮೊದಲ ಮಾತು. ‘ಹೋದವರ ಮೈಯನ್ನು ಮತ್ತೆ ಕೊಯ್ಯಿಸಬೇಕೇ’ ಎಂಬ ಹಿರಿಯರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಸೋರಿಕೆ ಎಲ್ಲಿತ್ತು, ಎಷ್ಟು ಕೀವು ತುಂಬಿತ್ತು, ಸಾವಿಗೆ ಶ್ವಾಸಕೋಶದ ಹೆಪ್ಪು ಕಾರಣವೋ ಎಂಬುದನ್ನು ಆಮೇಲೆ ಯಾವ ಕಾಗದವೂ ಅಷ್ಟು ಖಚಿತವಾಗಿ ಹೇಳಲಾರದು. ಚಿತೆಯೊಂದಿಗೆ ಮುಖ್ಯ ಸಾಕ್ಷ್ಯ ಹೋಗುತ್ತದೆ. ಸಂಶಯವಿದ್ದರೆ ಠಾಣೆಗೆ ಬರಹದಲ್ಲಿ ದೂರು ಕೊಡಿ. ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಿ, ಮಹಜರು ನಡೆಸಿ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುತ್ತಾರೆ. ನಿರ್ಧಾರ ಕೆಲವೇ ಗಂಟೆಗಳಲ್ಲಿ ಆಗಬೇಕು. ಮನೆಯಲ್ಲಿ ತುಸು ಗಟ್ಟಿಯಾಗಿರುವವರೊಬ್ಬರು ಆ ಹೊಣೆ ಹೊರಬೇಕು.

ಹೆಜ್ಜೆ 5: ದಾಖಲೆ ಕೇಳುವುದು

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಉಳಿಸಿರಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಪತ್ರ ಬರೆದು, ಇನ್ನೊಂದು ಪ್ರತಿಯ ಮೇಲೆ ಮುದ್ರೆ, ಸಹಿ, ಗಂಟೆ ಹಾಕಿಸಿಕೊಳ್ಳಿ. ಸ್ವೀಕರಿಸಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ.

‘ಕೇಸ್ ಶೀಟ್ ಕೊಡಿ’ ಎಂದಷ್ಟೇ ಬರೆದರೆ ಡಿಸ್ಚಾರ್ಜ್ ಸಮ್ಮರಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸಮ್ಮರಿ ಎಂಬುದು ಕಥೆ ಮುಗಿದ ಮೇಲೆ ಬರೆದದ್ದು. ನಿಮಗೆ ಬೇಕಾದದ್ದು ಕಥೆ ನಡೆಯುತ್ತಿದ್ದಾಗ ಬರೆದವು: ಜ್ವರ-ನಾಡಿ ಪಟ್ಟಿ, ನರ್ಸ್‌ಗಳ ಟಿಪ್ಪಣಿ, ವೈದ್ಯರ ಆದೇಶದ ಹಾಳೆ, ರೌಂಡ್ಸ್ ಟಿಪ್ಪಣಿ, ದೇಹಕ್ಕೆ ಹೋದ ಮತ್ತು ಬಂದ ದ್ರವದ ಲೆಕ್ಕ, ಡ್ರೈನ್‌ನಲ್ಲಿ (ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಕೊಳವೆಯಲ್ಲಿ) ಬಂದ ದ್ರವದ ಬಣ್ಣ ಮತ್ತು ಪ್ರಮಾಣ, ಆಪರೇಷನ್ ಟಿಪ್ಪಣಿ, ಅರಿವಳಿಕೆ ದಾಖಲೆ, ಒಪ್ಪಿಗೆ ಪತ್ರ, ಲ್ಯಾಬ್ ವರದಿಗಳು, ಸ್ಕ್ಯಾನ್‌ನ ವರದಿ ಮಾತ್ರವಲ್ಲದೆ ಚಿತ್ರಗಳ ಸಿಡಿ. ಲ್ಯಾಪರೊಸ್ಕೋಪಿಯನ್ನು ವಿಡಿಯೊ ಮಾಡಿಟ್ಟಿರುವುದುಂಟು. ಇದ್ದರೆ ಕೊಡಿ ಎಂದು ಬರೆಯಿರಿ. ಸ್ಟೇಪಲರ್ ಪೊಟ್ಟಣದ ಸ್ಟಿಕ್ಕರ್‌ಗಳನ್ನು ಕೇಸ್ ಶೀಟಿನಲ್ಲಿ ಅಂಟಿಸಿದ್ದರೆ ಆ ಪುಟವೂ ಬೇಕು.

ಮೆಡಿಕಲ್ ಶಾಪಿನ ಬಿಲ್ಲುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾನು ಮೊದಲು ನೋಡುವುದೇ ಅವನ್ನು. ಕಂಪ್ಯೂಟರ್ ಬಿಲ್ಲಿನಲ್ಲಿ ದಿನದ ಜೊತೆ ಗಂಟೆ, ನಿಮಿಷ ಇರುತ್ತದೆ; ಅದನ್ನು ಆಮೇಲೆ ತಿದ್ದಿ ಬರೆಯುವುದು ಸುಲಭವಲ್ಲ. ಬಲವಾದ ಆ್ಯಂಟಿಬಯಾಟಿಕ್ ಯಾವ ರಾತ್ರಿ ಬಂತು? ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪ್ಯಾರಿನ್ ಬಿಲ್ಲಿನಲ್ಲಿ ಇದೆಯೇ? ವಾಂತಿಯೆಂದು ಮತ್ತೆ ದಾಖಲಾದಾಗ ಗ್ಲೂಕೋಸ್ ಇದ್ದು ಥಯಾಮಿನ್ ಇಲ್ಲವೇ? ವಾರ್ಡಿನ ದಾಸ್ತಾನಿನಿಂದ ಕೊಟ್ಟಿರುವ ಸಾಧ್ಯತೆ ಇರುವುದರಿಂದ ಬಿಲ್ಲನ್ನು ಔಷಧಿ ಕೊಟ್ಟ ಚಾರ್ಟಿನೊಂದಿಗೆ ತಾಳೆ ನೋಡಿಯೇ ಮಾತಾಡಬೇಕು.

ಡ್ಯೂಟಿ ಡಾಕ್ಟರಿಗೋ ಡಯಟಿಷಿಯನ್‌ಗೋ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಆ ಫೋನನ್ನು ಹಳೆಯದಾಯಿತೆಂದು ಬದಲಿಸಲೂ ಬೇಡಿ. ‘ಮೇಡಂ, ನೀರು ಕುಡಿದರೂ ವಾಂತಿ’ ಎಂಬ ಸಂದೇಶ, ಕೆಳಗೆ ಎರಡು ನೀಲಿ ಗೆರೆ, ಮರುದಿನ ಬೆಳಿಗ್ಗೆವರೆಗೆ ಉತ್ತರವಿಲ್ಲ: ಇದಕ್ಕಿಂತ ಸರಳ ಸಾಕ್ಷ್ಯ ಬೇಕೇ? ವಿದ್ಯುನ್ಮಾನ ದಾಖಲೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ (ಆ ದಾಖಲೆ ಯಾವ ಸಾಧನದಿಂದ ಹೇಗೆ ಬಂತೆಂದು ದೃಢಪಡಿಸುವ ಪತ್ರ) ಜೊತೆಗಿರಲಿ.

ಹೆಜ್ಜೆ 6: ಗಂಟೆಗಳ ಪಟ್ಟಿ

ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ. ಹೊತ್ತು, ರೋಗಿಗೆ ಏನಾಗುತ್ತಿತ್ತು, ಯಾರಿಗೆ ಗೊತ್ತಿತ್ತು, ಏನು ಮಾಡಿದರು. ಪ್ರತಿ ಸಾಲಿನ ಪಕ್ಕ ದಾಖಲೆಯ ಪುಟಸಂಖ್ಯೆ. ನೆನಪಿನಿಂದ ಬರೆದದ್ದಕ್ಕೆ ಬೇರೆ ಬಣ್ಣ.

ಮೇಲೆ ಹೇಳಿದ ಶಿಕ್ಷಕಿಯ ಪಟ್ಟಿಯಲ್ಲಿ ನಾಲ್ಕನೆಯ ಅಂಕಣ ಸಾಲುಸಾಲಾಗಿ ಖಾಲಿ ಇತ್ತು. ನಡುವೆ ಒಮ್ಮೆ ನೋವಿನ ಇಂಜೆಕ್ಷನ್. ಅಷ್ಟೇ. ಎಪ್ಪತ್ತು ಪುಟದ ಫೈಲನ್ನು ಓದಲು ಪುರುಸೊತ್ತಿಲ್ಲದವರಿಗೂ ಆ ಖಾಲಿ ಅಂಕಣ ಕಣ್ಣಿಗೆ ಬೀಳುತ್ತದೆ.

ನಿಮ್ಮ ಕಡೆಯ ತಪ್ಪನ್ನೂ ಪಟ್ಟಿಯಲ್ಲಿ ಸೇರಿಸಿ. ದ್ರವಾಹಾರದ ವಾರದಲ್ಲಿ ಅನ್ನ ತಿಂದದ್ದು, ಬೈಪಾಸ್ ಆದ ಮೇಲೂ ಸಿಗರೇಟು ಬಿಡದಿದ್ದುದು, ಎರಡು ಸಲ ತಪಾಸಣೆಗೆ ಹೋಗದಿದ್ದುದು. ನೀವು ಹೇಳದಿದ್ದರೆ ಎದುರಿನವರು ಹೇಳುತ್ತಾರೆ, ಆಗ ಅದು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ.

ಹೆಜ್ಜೆ 7: ವೈದ್ಯರ ಅಭಿಪ್ರಾಯ

ಎರಡನೆಯ ಆಸ್ಪತ್ರೆಯ ಶಸ್ತ್ರಚಿಕಿತ್ಸಕರನ್ನು ‘ಮೊದಲಿನವರು ತಪ್ಪು ಮಾಡಿದರೆಂದು ಬರೆದುಕೊಡಿ’ ಎಂದು ಕೇಳಿದರೆ ಬಾಗಿಲು ಮುಚ್ಚುತ್ತದೆ. ಅಭಿಪ್ರಾಯ ಬೇಡ, ಕಂಡದ್ದನ್ನು ಬರೆಯಿರಿ ಎಂದು ಕೇಳಿ: ಎಷ್ಟು ಕೀವು ಇತ್ತು, ರಂಧ್ರ ಎಲ್ಲಿತ್ತು, ಅಂಗಾಂಶದ ಸ್ಥಿತಿ ಹೇಗಿತ್ತು. ಸೋರಿಕೆ ಎಷ್ಟು ಹಳೆಯದೆಂದು ಊಹಿಸಲು ಬೇರೆ ತಜ್ಞರಿಗೆ ಅದು ಬೇಕಾಗುತ್ತದೆ. ತಜ್ಞರು ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರಾಗಿರಲಿ.

ಅವರ ಮುಂದಿಡಬೇಕಾದ ಪ್ರಶ್ನೆ ಎರಡು. ಇದೇ ಅಂಕಿಗಳನ್ನು ಕಂಡ ಸಾಮಾನ್ಯ ಕೌಶಲದ ಶಸ್ತ್ರಚಿಕಿತ್ಸಕರು ಆ ಗಂಟೆಗೆ ಏನು ಮಾಡುತ್ತಿದ್ದರು? ಹಾಗೆ ಮಾಡಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ? ಹಲವು ದೂರುಗಳು ಎರಡನೆಯದರಲ್ಲೇ ಎಡವುತ್ತವೆ.

2010ರ ವಿ. ಕಿಶನ್ ರಾವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ದೂರಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದಿದೆ. ಆದರೂ ಸ್ಲೀವ್ ಸೋರಿಕೆಯಂಥ ಸೂಕ್ಷ್ಮ ವಿಷಯದಲ್ಲಿ ಅಭಿಪ್ರಾಯವಿಲ್ಲದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಹೆಜ್ಜೆ 8: ಯಾವ ಬಾಗಿಲು

ಪರಿಹಾರದ ಹಣ ಬೇಕಿದ್ದರೆ ಗ್ರಾಹಕ ಆಯೋಗ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಈ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲೇ ತೀರ್ಮಾನವಾಗಿದೆ; ಬಿಲ್ಲನ್ನು ವಿಮಾ ಕಂಪನಿ ಕಟ್ಟಿದ್ದರೂ ಬರುತ್ತದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಬರುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಆಪರೇಷನ್ ಆದ ರಾಯಚೂರಿನವರು ರಾಯಚೂರಿನಲ್ಲೇ ಹೂಡಬಹುದು. ಯಾವ ಆಯೋಗ ಎಂಬುದು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ ನಿಂತಿದೆ: 50 ಲಕ್ಷ ರೂಪಾಯಿವರೆಗೆ ಜಿಲ್ಲೆ, ಅದರಾಚೆ 2 ಕೋಟಿವರೆಗೆ ರಾಜ್ಯ, ಮೇಲಿನದು ರಾಷ್ಟ್ರೀಯ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಕಾಲಮಿತಿ 2 ವರ್ಷ. ಯಾವತ್ತಿನಿಂದ ಎಂಬುದರಲ್ಲಿ ಜನ ಮುಗ್ಗರಿಸುತ್ತಾರೆ. ಹೊಟ್ಟೆಯಲ್ಲಿ ಗಾಜ್ ಬಟ್ಟೆ ಉಳಿದ ಪ್ರಕರಣವೊಂದರಲ್ಲಿ (ಶ್ರೀಖಂಡೆ, 2010) ಸುಪ್ರೀಂ ಕೋರ್ಟ್, ಹಾನಿ ಗುಪ್ತವಾಗಿದ್ದರೆ ತಿಳಿದ ದಿನದಿಂದ ಲೆಕ್ಕ ಎಂದಿತು. ಆದರೆ ವರ್ಷಗಟ್ಟಲೆ ನೋವು ಅನುಭವಿಸಿಯೂ ಮೂಲ ವೈದ್ಯರ ಬಳಿಗೆ ಹೋಗದಿದ್ದ ಆ ಮಹಿಳೆಯ ದೂರು ತಡವಾಯಿತೆಂದೇ ತೀರ್ಪಾಯಿತು. ಆದ್ದರಿಂದ ಮೊದಲ ಲಕ್ಷಣದ ದಿನದಿಂದಲೇ ಎಣಿಸಿಕೊಂಡು ಹೋಗಿ.

ವೈದ್ಯರ ನೋಂದಣಿಯ ಮೇಲೆ ಶಿಸ್ತುಕ್ರಮ ಬೇಕಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಅಲ್ಲಿ ಪರಿಹಾರದ ಹಣ ಸಿಗುವುದಿಲ್ಲ. ಆಸ್ಪತ್ರೆಯ ವ್ಯವಸ್ಥೆಯ ಬಗ್ಗೆ ಆಕ್ಷೇಪವಿದ್ದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ. ಕ್ರಿಮಿನಲ್ ದೂರಿನ ಆಸೆ ಹಲವರಿಗೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ವೈದ್ಯರ ನಿರ್ಲಕ್ಷ್ಯದಿಂದಾದ ಸಾವಿಗೆ 2 ವರ್ಷದವರೆಗೆ ಸೆರೆವಾಸವಿದೆ. ಆದರೆ ಸುಪ್ರೀಂ ಕೋರ್ಟಿನ ಜೇಕಬ್ ಮ್ಯಾಥ್ಯೂ ತೀರ್ಪು (2005) ಘೋರ ನಿರ್ಲಕ್ಷ್ಯವೇ ಆಗಿರಬೇಕೆಂದು ಮಟ್ಟವನ್ನು ಎತ್ತರದಲ್ಲಿಟ್ಟಿದೆ. ಸಿಟ್ಟು ತಣಿಸಲು ಈ ದಾರಿ ಹಿಡಿಯಬೇಡಿ.

ಹೆಜ್ಜೆ 9: ದೂರು ಬರೆಯುವ ಬಗೆ

ಎದುರಿನವರ ಮೊದಲ ವಾದ ನನಗೆ ಬಾಯಿಪಾಠವಾಗಿದೆ: ‘ಸೋರಿಕೆ ತಿಳಿದಿರುವ ತೊಡಕು, ಒಪ್ಪಿಗೆ ಪತ್ರದಲ್ಲಿ ಬರೆದಿದೆ, ರೋಗಿ ಸಹಿ ಹಾಕಿದ್ದಾರೆ’. ಆದ್ದರಿಂದ ದೂರಿನ ಎರಡನೆಯ ಪ್ಯಾರಾದಲ್ಲೇ ಅದನ್ನು ಒಪ್ಪಿಬಿಡಿ. ಸೋರಿಕೆ ಆದದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಆಗಬಹುದೆಂದು ತಾವೇ ಬರೆದುಕೊಟ್ಟವರು ಅದರ ಸುಳಿವನ್ನು ಇಂಥ ದಿನ ಇಂಥ ಗಂಟೆಯಿಂದ ಇಷ್ಟು ಗಂಟೆಯವರೆಗೆ ನೋಡಲಿಲ್ಲ. ಆಮೇಲೆ ಗಂಟೆಗಳ ಪಟ್ಟಿ. ‘ದುರಾಸೆಯ’, ‘ರಕ್ತ ಹೀರುವ’ ಎಂಬ ವಿಶೇಷಣಗಳನ್ನೆಲ್ಲ ತೆಗೆದುಹಾಕಿ.

ಪರಿಹಾರದ ಮೊತ್ತಕ್ಕೆ ಲೆಕ್ಕ ಕೊಡಿ: ಎರಡನೆಯ ಆಸ್ಪತ್ರೆಯ ಬಿಲ್ಲು, ಕಳೆದುಹೋದ ಸಂಬಳ, ಮುಂದಿನ ಚಿಕಿತ್ಸೆ, ನೋವು. ಕೋಲ್ಕತ್ತದ ಕುನಾಲ್ ಸಾಹಾ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ರೂಪಾಯಿ ಕೊಡಿಸಿದ್ದನ್ನು ಎಲ್ಲರೂ ನೆನಪಿಡುತ್ತಾರೆ. ಅವರ ಪತ್ನಿ ತೀರಿಕೊಂಡದ್ದು 1998ರಲ್ಲಿ ಎಂಬುದನ್ನೂ, ಸ್ವತಃ ವೈದ್ಯರಾಗಿದ್ದ ಅವರು ಹದಿನೈದು ವರ್ಷ ಹೋರಾಡಿದರೆಂಬುದನ್ನೂ ಮರೆಯುತ್ತಾರೆ.

ದೂರನ್ನು ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕ ಸಲ್ಲಿಸಬಹುದು. ಆಯೋಗದ ನೋಟಿಸ್ ತಲುಪಿದ ಮೇಲೆ ಆಸ್ಪತ್ರೆ 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಇನ್ನೂ 15 ದಿನ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ನಡುವೆ ರಾಜಿಯ ಮಾತು ಬರಬಹುದು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಮುಂದಿನ ಚಿಕಿತ್ಸೆಗೆ ಎಷ್ಟು ಬೇಕಾಗುತ್ತದೆಂದು ವೈದ್ಯರಿಂದ ಬರಹದಲ್ಲಿ ಪಡೆಯುವ ಮೊದಲು ಸಹಿ ಮಾತ್ರ ಹಾಕಬೇಡಿ. ಜಿಲ್ಲಾ ಆಯೋಗದ ಆದೇಶ ವಿರುದ್ಧವಾಗಿ ಬಂದರೆ ರಾಜ್ಯ ಆಯೋಗಕ್ಕೆ ಮೇಲ್ಮನವಿಗೆ 45 ದಿನ ಇರುತ್ತದೆ. ಪ್ರಮಾಣೀಕೃತ ಪ್ರತಿಗೆ ಆದೇಶದ ದಿನವೇ ಅರ್ಜಿ ಹಾಕಿ.